ಬಾಣಂತಿ ಕೋಣೆಯ ಹೊಗೆ

ಕೂಸಿಗೆ ನ್ಯುಮೋನಿಯಾ ಆದರೆ ನಾವು ಥಂಡಿಯನ್ನು ಬೈಯುತ್ತೇವೆ, ಹೊಗೆಯ ಹೆಸರು ಎತ್ತುವುದಿಲ್ಲ. ಹಮಾಲರ ಒಂದೇ ಕೋಣೆಯ ಮನೆಯಲ್ಲಿ ಕಟ್ಟಿಗೆ ಒಲೆ, ಆರೇಳು ಜನ, ಅರೆಹೊಟ್ಟೆ ಊಟ; ರೋಗಾಣುವಿಗೆ ಇಷ್ಟು ಸಾಕು. ಅವರಿಗೆ ಬೇರೆ ದಾರಿಯಿಲ್ಲ. ಗ್ಯಾಸ್ ಇರುವ ನಮ್ಮ ಮನೆಗಳಲ್ಲಿ ಕದ ಮುಚ್ಚಿ, ಶೆಗಡಿಯ ಕೆಂಡಕ್ಕೆ ಲೋಬಾನ ಹಾಕಿ ಹಸುಗೂಸಿಗೆ ಹೊಗೆ ಕೊಡುವುದೇಕೆ? ಅಜ್ಜಿಯಂದಿರು ಸಿಟ್ಟಾದರೂ ಚಿಂತೆಯಿಲ್ಲ, ಇದು ನಿಲ್ಲಬೇಕು. 6 ತಿಂಗಳವರೆಗೆ ತಾಯಿಹಾಲೊಂದೇ ಸಾಕು, ಗುಟ್ಟಿ ಬೇಡ.

2021ರಿಂದ ದೇಶದ ಎಲ್ಲೆಡೆ ಸರಕಾರಿ ದವಾಖಾನೆಗಳಲ್ಲಿ ನ್ಯುಮೊಕಾಕಲ್ ಲಸಿಕೆ ಪುಕ್ಕಟೆ ಸಿಗುತ್ತದೆ: 6 ವಾರಕ್ಕೆ, 14 ವಾರಕ್ಕೆ, 9 ತಿಂಗಳಿಗೆ. ಅಂಗಡಿಯ ಆಳುಗಳಿಗೂ ತಿಳಿಸಿರಿ. ಆ ದಿನದ ಪಗಾರ ಕಡಿಯಬೇಡಿರಿ.

ಕೆಮ್ಮುವ ಕೂಸಿನ ಉಸಿರನ್ನು ಗಡಿಯಾರ ನೋಡಿ ಒಂದು ನಿಮಿಷ ಎಣಿಸಿರಿ. 2 ತಿಂಗಳೊಳಗೆ 60, ವರ್ಷದೊಳಗೆ 50, ವರ್ಷ ದಾಟಿದ್ದಕ್ಕೆ 40 ಮುಟ್ಟಿದರೆ ಅಂದೇ ಡಾಕ್ಟರರಲ್ಲಿಗೆ ಒಯ್ಯಿರಿ.