ಹೆಸರು ನಮ್ಮದು, ಖಾತೆ ಯಾರದು?

"ಅದೆಲ್ಲ ಹುಡುಗರು ನೋಡ್ಕೋತಾರೆ, ನಿಮಗ್ಯಾಕೆ ಟೀಚರ್?" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಗುಂಡ್ಲುಪೇಟೆ ಸೀಮೆಯ ಹೆಂಗಸರಿಗೆ ಇದು ಹೊಸ ಮಾತಲ್ಲ. ಚೆಂಡುಹೂವಿನ ಹೊಲದಲ್ಲಿ ಸೊಂಟ ಬಗ್ಗಿಸಿ ಕಳೆ ಕೀಳುವವಳು ಅವಳು. ಪಹಣಿಯಲ್ಲಿ ಹೆಸರು ಅವನದು. ಈಗ ಅದೇ ಕತೆ ಅಂತರ್ಜಾಲದಲ್ಲೂ ನಡೆದಿದೆ.

ಬಂಡೀಪುರದ ರಸ್ತೆಯಲ್ಲಿ ಹೋಂಸ್ಟೇ ನಡೆಸುವ ಒಬ್ಬಾಕೆ ನನಗೆ ಪರಿಚಯ. ಸಫಾರಿಗೆ ಹೊರಡುವವರಿಗೆ ಬೆಳಗಿನ ಜಾವ ಕಾಫಿ ಕಾಸುವವರು ಅವರೇ, ಹಾಸಿಗೆ ಹೊದಿಕೆ ಒಗೆಯುವವರೂ ಅವರೇ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನ್ ಹೆಸರನ್ನು, ಅಂದರೆ ಆ ವಿಳಾಸವನ್ನು, ತನ್ನ ಹೆಸರಿಗೇ ನೋಂದಾಯಿಸಿಕೊಂಡಿದ್ದ. ಲೆಕ್ಕದಲ್ಲಿ ಮನಸ್ತಾಪ ಬಂದದ್ದೇ ತಡ, ವೆಬ್‌ಸೈಟ್ ನಿಲ್ಲಿಸಿಬಿಟ್ಟ. ಬೋರ್ಡಿನಲ್ಲೂ ಕಾರ್ಡಿನಲ್ಲೂ ಅದೇ ವಿಳಾಸ ಅಚ್ಚಾಗಿದೆ. "ದುಡ್ಡು ಕೊಟ್ಟವಳು ನಾನಲ್ವಾ ಮೇಡಂ?" ಎಂದು ಆಕೆ ಕೇಳಿದರು. ಕೊಟ್ಟವರು ಅವರೇ. ಆದರೆ ದಫ್ತರದಲ್ಲಿ ನೋಡುವುದು ದುಡ್ಡು ಯಾರದೆಂದಲ್ಲ, ಹೆಸರು ಯಾರದೆಂದು.

ಮೊದಲು ಒಂದು ಭ್ರಮೆ ಬಿಡಬೇಕು. ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳುವುದಿಲ್ಲ. ಅದು ಗುತ್ತಿಗೆ, ಒಂದು ವರ್ಷದಿಂದ ಹತ್ತು ವರ್ಷದವರೆಗೆ. ಇಡೀ ಪದ್ಧತಿಯ ಮೇಲುಸ್ತುವಾರಿ 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಐಕ್ಯಾನ್ ಎಂಬ ಸಂಸ್ಥೆಯದು. ಡಾಟ್ ಕಾಂ ಹೆಸರುಗಳ ದಫ್ತರ ವೆರಿಸೈನ್ ಕಂಪನಿಯಲ್ಲಿದೆ, ನಮ್ಮ ಡಾಟ್ ಇನ್ ದಫ್ತರ ನಿಕ್ಸಿ ಎಂಬ ಸಂಸ್ಥೆಯಲ್ಲಿ. ನಾವು ದುಡ್ಡು ಕಟ್ಟುವುದು ಇವರಿಗಲ್ಲ, ಇವರ ಕೈಕೆಳಗಿನ ರಿಜಿಸ್ಟ್ರಾರ್‌ಗಳಿಗೆ. ಅಲ್ಲಿ ನೋಂದಣಿದಾರರೆಂದು ಯಾರ ಹೆಸರಿದೆಯೋ ಹಕ್ಕು ಅವರದು.

ನ್ಯಾಯಾಲಯ ಇಲ್ಲವೇ ಎನ್ನಬಹುದು. ಇದೆ. ಸಿಫಿ ಎಂಬ ಹೆಸರಿನಿಂದ 1999ರಲ್ಲೇ ವಿಳಾಸಗಳನ್ನು ನೋಂದಾಯಿಸಿದ್ದ ಸತ್ಯಂ ಇನ್ಫೋವೇ ಕಂಪನಿ, ಸಿಫಿನೆಟ್ ಎಂದು ಅದನ್ನೇ ಹೋಲುವ ಹೆಸರಿಟ್ಟುಕೊಂಡ ಇನ್ನೊಂದು ಕಂಪನಿಯ ಮೇಲೆ ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಯಿತು. ಅಲ್ಲಿ ಗೆದ್ದಿತು, ಹೈಕೋರ್ಟಿನಲ್ಲಿ ಸೋತಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರುಮಾ ಪಾಲ್ ಅವರ ತೀರ್ಪು ಬಂತು: ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಅದಕ್ಕೂ ರಕ್ಷಣೆ ಉಂಟು. (ಬರೆದವರು ಹೆಣ್ಣುಮಗಳು ಎಂದು ನನಗೆ ಒಳಗೊಳಗೇ ಹಿಗ್ಗು.) ಆದರೆ ದೆಹಲಿಯವರೆಗೆ ಹೋಗಲು ಕಂಪನಿಗೆ ವಕೀಲರಿದ್ದರು. ನಾಲ್ಕು ಕೋಣೆ ಬಾಡಿಗೆಗೆ ಕೊಡುವ ಹೆಂಗಸಿಗೆ ಚಾಮರಾಜನಗರದ ಕೋರ್ಟೇ ದೂರ.

ಹೆಂಗಸರಿಗೆ ನಡೆಸುವ ಉದ್ಯಮ ತರಬೇತಿಗಳಲ್ಲಿ ಉಪ್ಪಿನಕಾಯಿ ಬಾಟಲಿಗೆ ಚೀಟಿ ಅಂಟಿಸುವುದನ್ನು ಹೇಳಿಕೊಡುತ್ತಾರಲ್ಲ, ಇದನ್ನೂ ಒಂದು ಗಂಟೆ ಹೇಳಬಾರದೇ? ಇಂಗ್ಲಿಷ್ ಬರುವುದಿಲ್ಲವೆಂಬ ನೆಪ ಬೇಡ. ಕನ್ನಡ ಅಕ್ಷರದಲ್ಲೇ ಬರೆಯುವ ಡಾಟ್ ಭಾರತ ವಿಳಾಸವೂ ಉಂಟು. ಸಂಘದ ಪಾಸ್‌ಬುಕ್ಕನ್ನು ಪಕ್ಕದ ಮನೆಯ ಹುಡುಗನ ಹೆಸರಿನಲ್ಲಿ ಮಾಡಿಸುತ್ತೀರಾ? ಹಾಗಾದರೆ ಇದನ್ನೇಕೆ? ಹುಡುಗ ಕೆಲಸ ಮಾಡಲಿ, ಕೂಲಿ ತೆಗೆದುಕೊಳ್ಳಲಿ. ರಿಜಿಸ್ಟ್ರಾರ್ ಖಾತೆ, ಇಮೇಲು, ಫೋನ್ ನಂಬರು, ಪಾಸ್‌ವರ್ಡು, ಬಿಲ್ಲು ನಿಮ್ಮವಾಗಿರಲಿ. ಈಗಾಗಲೇ ಅವನ ಖಾತೆಯಲ್ಲಿದ್ದರೆ, ಮಾತುಕತೆ ಚೆನ್ನಾಗಿರುವಾಗಲೇ ವರ್ಗಾವಣೆಯ ಗುಪ್ತಸಂಕೇತ ಕೇಳಿ ಪಡೆದುಕೊಳ್ಳಿ.

ಅವಧಿ ಮುಗಿಯುವ ದಿನವನ್ನೂ ಬರೆದಿಟ್ಟುಕೊಳ್ಳಿ. ನೆನಪೋಲೆ ಹೋಗುವುದು ಖಾತೆಯಲ್ಲಿರುವ ಇಮೇಲಿಗೆ ಮಾತ್ರ. ಡಾಟ್ ಕಾಂ ಹೆಸರಿನ ಗಡುವು ತಪ್ಪಿದರೆ ಸ್ವಲ್ಪ ದಿನ ವಿನಾಯಿತಿ ಸಿಗಬಹುದು. ಅದು ಕಳೆದರೆ 30 ದಿನ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಬೇಕು. ಅದೂ ದಾಟಿದರೆ ಯಾರು ಮೊದಲು ಕೇಳಿದರೋ ಅವರಿಗೆ.