ಅರ್ಜಿಗಳ ಲೆಕ್ಕ ಬೀದಿಗೆ ಬರಲಿ!

ಕೂಲಿಗಾರನ ಮೊಕದ್ದಮೆ ನಡೆಸುವ ವಕೀಲರೂ ಅದರ ತೀರ್ಪು ಬರೆಯುವ ನ್ಯಾಯಾಧೀಶರೂ ಯಾರ ಮನೆಯಿಂದ ಬರುತ್ತಾರೆ? ಕೇಳಿದರೆ ದೊಡ್ಡವರ ಉತ್ತರ ಒಂದೇ: "ಪ್ರತಿಭೆ ಇದ್ದವರು ಬರುತ್ತಾರೆ." ಒಳ್ಳೆಯದು. ಹಾಗಾದರೆ ಲೆಕ್ಕ ತೋರಿಸಿ!

ದೇಶದ ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲ್ಯಾಟ್ ಎಂಬ ಪರೀಕ್ಷೆಯೇ ಬಾಗಿಲು. 2008ರಲ್ಲಿ ಆರಂಭವಾದ ಈ ಪರೀಕ್ಷೆಯ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. 2024ರ ಡಿಸೆಂಬರಿನ ಪರೀಕ್ಷೆಗೆ ಅರ್ಜಿ ಶುಲ್ಕ 4,000 ರೂಪಾಯಿ. ಪರಿಶಿಷ್ಟರಿಗೂ ಬಡತನದ ರೇಖೆಯ ಕೆಳಗಿನವರಿಗೂ 3,500. ಬಡವರಿಗೆ ತೋರಿದ ಕರುಣೆ ಐನೂರು ರೂಪಾಯಿ! ಕೋಚಿಂಗಿನ ಖರ್ಚು ಬೇರೆ.

ಕೊನೆಗೆ ಹೊರಬೀಳುವ ಸೀಟು ಹಂಚಿಕೆಯ ಪಟ್ಟಿಯಲ್ಲಿ ರ‍್ಯಾಂಕು, ಮೀಸಲಾತಿ ವರ್ಗ, ಸಿಕ್ಕ ಕಾಲೇಜು ಕಾಣುತ್ತವೆ. ಹುಡುಗಿ ಯಾವ ಮಾಧ್ಯಮದಲ್ಲಿ ಓದಿದಳು, ತಂದೆಯ ದುಡಿಮೆಯೇನು ಎಂಬುದು ಆ ಪಟ್ಟಿಯಿಂದ ತಿಳಿಯದು. ಅಂಗಡಿಕಾರ ಬಂಧುಗಳು ಬಲ್ಲರು: ಮಾರಿದ್ದನ್ನಷ್ಟೇ ಬರೆದಿಟ್ಟರೆ, ಬೆಲೆ ಕೇಳಿ ಬರಿಗೈಯಲ್ಲಿ ಹಿಂದಿರುಗಿದವರೆಷ್ಟು ಎಂದು ಗೊತ್ತಾಗುವುದಿಲ್ಲ. ಗೆದ್ದವರ ಪಟ್ಟಿ ಅರ್ಧ ಲೆಕ್ಕ. ಯಾದಗಿರಿಯಿಂದ ಎಷ್ಟು ಅರ್ಜಿ ಹೋದವು, ಕನ್ನಡ ಮಾಧ್ಯಮದವರ ನೂರು ಅರ್ಜಿಗೆ ಎಷ್ಟು ಸೀಟು ಸಿಕ್ಕವು? ಹತ್ತು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಬಾಗಿಲು ತೆರೆಯುತ್ತಿದೆಯೋ ಮುಚ್ಚುತ್ತಿದೆಯೋ ಮಗುವಿಗೂ ತಿಳಿಯುತ್ತದೆ.

ಇದು ಆಗದ ಕೆಲಸವೇ? ಬಂಡವಾಳದ ತವರಾದ ಅಮೆರಿಕದಲ್ಲೇ, ಅಲ್ಲಿಯ ವಕೀಲರ ಸಂಘದ ಮಾನ್ಯತೆ ಬೇಕಾದ ಪ್ರತಿಯೊಂದು ಕಾನೂನು ಶಾಲೆಯೂ ಅರ್ಜಿ ಹಾಕಿದವರೆಷ್ಟು, ಸೀಟು ಕೊಟ್ಟದ್ದೆಷ್ಟು, ಸೇರಿದವರೆಷ್ಟು, ವಿದ್ಯಾರ್ಥಿವೇತನ ಎಷ್ಟು ಮಂದಿಗೆ ಎಂದು ಪ್ರತಿವರ್ಷ ಪ್ರಕಟಿಸಲೇಬೇಕು. ಸುಳ್ಳು ಅಂಕಿ ಕೊಟ್ಟ ಇಲಿನಾಯ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ 2012ರಲ್ಲಿ ಬಿದ್ದ ದಂಡ 2,50,000 ಡಾಲರು!

ನಮ್ಮಲ್ಲೋ? ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2021ರಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆಂದು ಶೇಕಡ 25 ಸೀಟುಗಳನ್ನು ಮೀಸಲಿಟ್ಟಿತು. ಸಂತೋಷ. ಆದರೆ ಹತ್ತು ವರ್ಷ ಈ ರಾಜ್ಯದಲ್ಲಿ ಓದಿದವರೆಲ್ಲ ಅದಕ್ಕೆ ಅರ್ಹರು. ಆ ಸೀಟುಗಳು ರಾಜಧಾನಿಯ ದುಬಾರಿ ಶಾಲೆಗಳ ಪಾಲಾದವೋ, ಗದಗಿನ ಸರ್ಕಾರಿ ಶಾಲೆಗೂ ಮುಟ್ಟಿದವೋ? ಅಂಕಿ ಇಲ್ಲದೆ ಹೊಗಳುವುದೂ ವ್ಯರ್ಥ, ಬೈಯುವುದೂ ವ್ಯರ್ಥ.

ಯಾರ ಹೆಸರೂ ನಮಗೆ ಬೇಡ. ಜಿಲ್ಲೆ, ಮಾಧ್ಯಮ, ಮನೆಯ ಆದಾಯ: ಈ ಮೂರರ ಪ್ರಕಾರ ಅರ್ಜಿಗಳೆಷ್ಟು, ಸೀಟುಗಳೆಷ್ಟು ಎಂದು ವರ್ಷಕ್ಕೊಮ್ಮೆ ಪ್ರಕಟಿಸಲಿ. ಪಕ್ಕದಲ್ಲಿ ಆ ಜಿಲ್ಲೆಯಲ್ಲಿ ಪಿಯುಸಿ ಪಾಸಾದವರ ಸಂಖ್ಯೆಯನ್ನೂ ಇಡಲಿ. ಶುಲ್ಕಕ್ಕೆ ಹೆದರಿ ಅರ್ಜಿಯನ್ನೇ ಹಾಕದವರ ಗುರುತು ಸಿಗುವುದು ಅಲ್ಲಿಯೇ.

ಗಿರಣಿಯ ಹಾಜರಿಯಲ್ಲಿ ಹತ್ತು ನಿಮಿಷ ತಪ್ಪಿದರೆ ಕೂಲಿ ಕಡಿತ. ನಮ್ಮ ಲೆಕ್ಕವನ್ನು ಇಷ್ಟು ಬಿಗಿಯಾಗಿ ಇಡುವ ಈ ದೇಶ, ನ್ಯಾಯದ ಬಾಗಿಲಲ್ಲಿ ನಿಂತ ನಮ್ಮ ಮಕ್ಕಳ ಲೆಕ್ಕವನ್ನೂ ಇಡಲಿ!