ಬಿದ್ದ ಮೇಲೆ ಅಳತೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ರೈತ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಹದ ಮಾಡಬೇಕಾದರೆ ತಂಬಾಕು ಮಂಡಳಿಯ ಲೈಸೆನ್ಸ್ ಬೇಕು. ಅವನ ಮಕ್ಕಳು ಮಲಗುವ ಹಳೆಯ ಮಣ್ಣಿನ ಮನೆ ಗಟ್ಟಿಯಾಗಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮನೆ ಬಿದ್ದ ಮರುದಿನ ಅಧಿಕಾರಿಗಳು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಬಿದ್ದದ್ದು ಪೂರ್ತಿಯೋ ಭಾಗಶಃವೋ ಎಂದು ಬರೆದುಕೊಳ್ಳುತ್ತಾರೆ.

2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ, ಕಪಿಲೆ ಉಕ್ಕಿ ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮನೆಗಳು ನೆಲಕಚ್ಚಿದವು. ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಒಳ್ಳೆಯದೇ. ಆದರೆ ಅದರಲ್ಲಿ ಸಣ್ಣದೊಂದು ಪಾಲು ಮೊದಲೇ ಸಿಕ್ಕಿದ್ದರೆ ಎಷ್ಟೋ ಗೋಡೆಗಳು ಉಳಿಯುತ್ತಿದ್ದವು.

ಮಣ್ಣಿನ ಗೋಡೆ ದುರ್ಬಲವೆಂಬುದು ಅರ್ಧ ಸತ್ಯ. ಒಣಗಿದ್ದರೆ ಅದು ಮೂರು ತಲೆಮಾರು ಬಾಳುತ್ತದೆ. ಈಗ ಅದನ್ನು ತೋಯಿಸುತ್ತಿರುವುದು ನಾವೇ. ಹಳೆಯ ರಸ್ತೆ ಅಗೆಯದೆ ಅದರ ಮೇಲೇ ಕಾಂಕ್ರೀಟು ಸುರಿದು ಮನೆಯನ್ನು ಬೀದಿಗಿಂತ ತಗ್ಗಿಗೆ ತಳ್ಳಿದ್ದೇವೆ. ಚರಂಡಿ ನೀರು ತಳಪಾಯಕ್ಕೆ ಇಳಿಯುತ್ತದೆ. ಚೆಂದಕ್ಕೆಂದು ಬಳಿದ ಸಿಮೆಂಟು ತೇವವನ್ನು ಒಳಗೇ ಹಿಡಿದಿಡುತ್ತದೆ. ನಾಡಹೆಂಚು ಕೈಯಾಡಿಸುವವರು ಸಿಗುವುದಿಲ್ಲ, ಜಂತೆಗೆ ಗೆದ್ದಲು. ಅಣ್ಣತಮ್ಮಂದಿರ ಪಾಲಿನಲ್ಲಿ ಸಿಕ್ಕಿಕೊಂಡ ತೊಟ್ಟಿಮನೆಯನ್ನಂತೂ ರಿಪೇರಿ ಮಾಡಿಸುವವರೇ ಇಲ್ಲ.

ಕಾವೇರಿ ನೆರೆಗೆ ನಲುಗಿದ ಎಡತೊರೆಯ ಬದಲು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಊರು ಕೆ.ಆರ್. ನಗರ. ಅಂದಿನ ಆಡಳಿತ ಊರನ್ನೇ ಸ್ಥಳಾಂತರಿಸಿತು. ಇಂದಿನದು ಒಂದು ಬಿರುಕು ನೋಡಲೂ ಬರುವುದಿಲ್ಲ.

ನಿಯಮಗಳಿಗೆ ಬರವಿಲ್ಲ. ಮಣ್ಣಿನ ಕಟ್ಟಡಗಳ ಭೂಕಂಪ ಸುರಕ್ಷತೆಗೆ 1993ರಲ್ಲೇ ಐಎಸ್ 13827 ಬಂದಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಿದೆ. ಸ್ಥಳೀಯ ನಿಯಮಕ್ಕೆ ಸೇರುವವರೆಗೆ ಅದು ಬರೀ ಸಲಹೆ. ಅಪಾಯದ ಕಟ್ಟಡದ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ 1964ರ ಪುರಸಭೆಗಳ ಕಾಯ್ದೆಯಲ್ಲೂ ಇದೆ. ಆದರೆ ಬಾಡಿಗೆದಾರರು ಎಲ್ಲಿಗೆ ಹೋಗಬೇಕೆಂದು ನೋಟಿಸ್ ಹೇಳುವುದಿಲ್ಲ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ತಪಾಸಣೆ ಕಡ್ಡಾಯ. ನಮ್ಮಲ್ಲಿ 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರೂ ಚರ್ಚೆ ನಡೆದದ್ದು ಪರಂಪರೆಯ ಬಗ್ಗೆ, ವಾಸದ ಮನೆಗಳ ಬಗ್ಗೆ ಅಲ್ಲ.

ಜಿಲ್ಲಾಡಳಿತ ಪ್ರತಿ ಮುಂಗಾರಿಗೆ ಮುನ್ನ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳ ಹಳೆಯ ಮನೆಗಳನ್ನು, ಆದಿವಾಸಿ ಹಾಡಿಗಳ ಸರ್ಕಾರಿ ಮನೆಗಳನ್ನೂ ಸೇರಿಸಿ, ಎಂಜಿನಿಯರರಿಂದ ನೋಡಿಸಲಿ. ಪಟ್ಟಿಯನ್ನು ಪಂಚಾಯಿತಿ, ಪುರಸಭೆಗಳ ಗೋಡೆಗೆ ಅಂಟಿಸಲಿ. ಪರಿಹಾರದ ಹಣದಲ್ಲಿ ಒಂದು ಪಾಲನ್ನು ದುರಸ್ತಿಗೆಂದೇ ತೆಗೆದಿಡಲಿ.